ಬಾವಿಗೆ ವಿಷ ಹಾಕಿದವರು ಯಾರು?

ಯಹೂದಿಗಳ ಮೇಲಿನ ದ್ವೇಷ ಸಾವಿರ ವರ್ಷಗಳಲ್ಲಿ ಹಲವು ವೇಷ ತೊಟ್ಟಿದೆ. ಧರ್ಮದ ಕಾಲದಲ್ಲಿ ಧರ್ಮದ ಮಾತು, ವಿಜ್ಞಾನದ ಕಾಲದಲ್ಲಿ ವಿಜ್ಞಾನದ ಮಾತು, ಮೊಬೈಲ್ ಕಾಲದಲ್ಲಿ ಮೊಬೈಲಿನ ಮಾತು. ಒಳಗಿನ ಸುಳ್ಳು ಮಾತ್ರ ಒಂದೇ.

ನಾನು ಮೊದಲು ಕಂಡ ಯಹೂದಿ ಶೈಲಾಕ್. ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಕಥೆಯಿತ್ತು. ಸಾಲ ತೀರಿಸದವನ ಎದೆಯಿಂದ ಒಂದು ಪೌಂಡ್ ಮಾಂಸ ಕೊಯ್ದುಕೊಳ್ಳಲು ಬಂದವನ ಕಥೆ. ಮೇಷ್ಟ್ರು ಒಂದು ಕೈಯಲ್ಲಿ ತಕ್ಕಡಿ ಎತ್ತಿ ಹಿಡಿದಂತೆ, ಇನ್ನೊಂದರಲ್ಲಿ ಚಾಕು ಮಸೆಯುವಂತೆ ಅಭಿನಯಿಸಿ ಪಾಠ ಮಾಡಿದರು. ಮಾರನೆಯ ದಿನವೇ ನಮ್ಮ ತರಗತಿಯ ಒಬ್ಬ ಹುಡುಗನಿಗೆ ‘ಶೈಲಾಕ್’ ಎಂದು ಹೆಸರು ಬಿತ್ತು. ಅವನ ಅಪ್ಪ ಗಿರವಿ ಅಂಗಡಿ ಇಟ್ಟುಕೊಂಡಿದ್ದರು, ಕಾರಣ ಅಷ್ಟೇ. ಸಂಜೆ ಆಟ ಮುಗಿಸಿ ನಾವೆಲ್ಲ ನೀರು ಕುಡಿಯುತ್ತಿದ್ದದ್ದು ಅವನ ಮನೆಯ ಬಾವಿಕಟ್ಟೆಯಲ್ಲೇ. ಹೆಸರು ಬಿದ್ದ ಮೇಲೆ ಅವನು ಆಟಕ್ಕೆ ಬರುವುದನ್ನು ಬಿಟ್ಟ.

ನಮ್ಮ ಊರಿನಲ್ಲಿ ಒಬ್ಬ ಯಹೂದಿಯೂ ಇರಲಿಲ್ಲ. ನಮ್ಮ ಮೇಷ್ಟ್ರೂ ಯಹೂದಿಯನ್ನು ಕಂಡವರಲ್ಲ. ಆದರೂ ‘ಯಹೂದಿ’ ಎಂದರೆ ಹೇಗಿರುತ್ತಾನೆ ಎಂಬುದು ಒಂದೇ ಪೀರಿಯಡ್‌ನಲ್ಲಿ ನಮಗೆಲ್ಲ ಗೊತ್ತಾಗಿಹೋಗಿತ್ತು.

ಎಷ್ಟೋ ವರ್ಷಗಳ ಮೇಲೆ ಇತಿಹಾಸ ಓದುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಶೇಕ್ಸ್‌ಪಿಯರ್ ಆ ನಾಟಕ ಬರೆದದ್ದು 1597ರ ಆಸುಪಾಸಿನಲ್ಲಿ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ತನ್ನ ರಾಜ್ಯದ ಯಹೂದಿಗಳನ್ನೆಲ್ಲ ಹೊರಗಟ್ಟಿದ್ದು 1290ರಲ್ಲಿ. ಅವರು ಮತ್ತೆ ಬಂದು ನೆಲೆಸಲು ದಾರಿಯಾದದ್ದು 1656ರಲ್ಲಿ. ಲಂಡನ್ನಿನಲ್ಲಿ ಗುರುತು ಮರೆಸಿಕೊಂಡು ಬದುಕಿದ್ದ ಕೆಲವೇ ಮನೆಗಳನ್ನು ಬಿಟ್ಟರೆ, ಆ ನಾಟಕ ನೋಡಿದವರೂ ಅವರ ಅಜ್ಜ ಮುತ್ತಜ್ಜಂದಿರೂ ಯಹೂದಿಯ ಮುಖ ನೋಡಿದವರಲ್ಲ. ನಮ್ಮ ಹಾಗೆಯೇ. ಶೇಕ್ಸ್‌ಪಿಯರ್ ದೊಡ್ಡ ಕವಿ, ಶೈಲಾಕನ ಬಾಯಲ್ಲಿ ನೊಂದ ಮನುಷ್ಯನ ಮಾತನ್ನೂ ಆಡಿಸಿದ. ಆದರೆ ಅವನ ಕೈಗೆ ಸಿಕ್ಕ ಗೊಂಬೆಯನ್ನು ಮುನ್ನೂರು ವರ್ಷಗಳಿಂದ ಬೇರೆಯವರು ಕೆತ್ತುತ್ತ ಬಂದಿದ್ದರು.

ಈ ದ್ವೇಷ ಬದುಕಿರಲು ಯಹೂದಿಗಳೇ ಬೇಕಾಗಿಲ್ಲ, ಕಥೆ ಇದ್ದರೆ ಸಾಕು. ಆಯಾ ಕಾಲದ ಜನ ಯಾರ ಮಾತನ್ನು ಕಣ್ಣು ಮುಚ್ಚಿ ನಂಬುತ್ತಾರೋ, ಆ ಕಥೆ ಅವರ ಬಾಯನ್ನೇ ಹುಡುಕಿಕೊಂಡು ಹೋಗುತ್ತದೆ.

ಒಂದೇ ಕಾಲ, ಎರಡು ಊರು

ಹನ್ನೆರಡನೇ ಶತಮಾನದ ನಡುವಿನ ಎರಡು ಊರುಗಳನ್ನು ಒಟ್ಟಿಗೆ ನೋಡೋಣ. ಒಂದು ನಮ್ಮ ಮಂಗಳೂರು. ಇನ್ನೊಂದು ಇಂಗ್ಲೆಂಡಿನ ನಾರ್ವಿಚ್.

ಮಂಗಳೂರಿನಲ್ಲಿ ಆಗ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯಿದ್ದ. ಇಂದಿನ ಟ್ಯುನೀಷಿಯಾದ ಮಹದಿಯಾದವನು. ಏಡನ್ ಬಂದರಿನ ಮೂಲಕ 1132ರ ಹೊತ್ತಿಗೆ ನಮ್ಮ ಕರಾವಳಿಗೆ ಬಂದು, 1149ರವರೆಗೆ ಹೆಚ್ಚುಕಡಿಮೆ ಇಲ್ಲೇ ನೆಲೆಸಿದ. ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚು ಹಿತ್ತಾಳೆ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಇಂಥ ಅಳತೆಯಲ್ಲಿ ಹೊಸದು ಮಾಡಿಸಿಕೊಡು ಎಂದು ಪತ್ರ ಬರೆಯುತ್ತಿದ್ದರು. ಜೊತೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರು ಆ ಪತ್ರಗಳಲ್ಲಿ ಗೌರವದಿಂದಲೇ ಬರುತ್ತದೆ. ಕೈರೋದ ಹಳೆಯ ಸಿನಗಾಗಿನ (ಯಹೂದಿ ಪ್ರಾರ್ಥನಾಮಂದಿರದ) ಕೋಣೆಯೊಂದರಲ್ಲಿ ಶತಮಾನಗಳ ಕಾಲ ಉಳಿದುಕೊಂಡಿದ್ದ ಈ ಪತ್ರಗಳ ಬೆನ್ನು ಹತ್ತಿಯೇ ಅಮಿತಾವ್ ಘೋಷ್ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಬರೆದರು.

ಅದೇ ವರ್ಷಗಳಲ್ಲಿ, 1144ರ ಈಸ್ಟರ್ ಹೊತ್ತಿಗೆ, ನಾರ್ವಿಚ್ ಪಕ್ಕದ ಕಾಡಿನಲ್ಲಿ ಹನ್ನೆರಡು ವರ್ಷದ ವಿಲಿಯಂ ಎಂಬ ಹುಡುಗನ ಶವ ಸಿಕ್ಕಿತು. ಚರ್ಮ ಹದ ಮಾಡುವ ಕೆಲಸ ಕಲಿಯುತ್ತಿದ್ದ ಹುಡುಗ. ಕೊಂದವರು ಯಾರು ಎಂಬುದು ಇಂದಿಗೂ ಗೊತ್ತಿಲ್ಲ. ಊರಿನ ಯಹೂದಿಗಳ ಮೇಲೆ ಅನುಮಾನದ ಮಾತು ಎದ್ದಾಗ ಅಲ್ಲಿನ ಅಧಿಕಾರಿ ಅವರನ್ನು ಕೋಟೆಯೊಳಗೆ ಸೇರಿಸಿ ಕಾಪಾಡಿದ. ವಿಷಯ ತಣ್ಣಗಾಯಿತು. ಆದರೆ ಕೆಲವು ವರ್ಷಗಳ ಮೇಲೆ ಆ ಊರಿಗೆ ಬಂದ ಥಾಮಸ್ ಎಂಬ ಸನ್ಯಾಸಿ ಹುಡುಗನ ಜೀವನಚರಿತ್ರೆ ಬರೆಯಲು ಕುಳಿತ. ಯೇಸುವನ್ನು ಅಣಕಿಸಲೆಂದು ಯಹೂದಿಗಳು ಆ ಮಗುವನ್ನು ಶಿಲುಬೆಗೆ ಏರಿಸಿದ ಹಾಗೆ ಹಿಂಸಿಸಿ ಕೊಂದರು ಎಂದು ಬರೆದ. ಹುಡುಗ ಸಂತನಾದ. ಸಮಾಧಿಯಲ್ಲಿ ಪವಾಡಗಳು ನಡೆದವೆಂದು ಯಾತ್ರಿಕರು ಬಂದರು.

ಯೇಸುವಿನ ಸಾವಿನ ಪಾಪವನ್ನು ಇಡೀ ಯಹೂದಿ ಕುಲದ ತಲೆಗೆ ಕಟ್ಟುವ ಬೋಧನೆ ಅಷ್ಟರಲ್ಲಿ ಎಷ್ಟೋ ಶತಮಾನ ಹಳೆಯದಾಗಿತ್ತು. ಥಾಮಸ್ ಅದಕ್ಕೆ ನಿನ್ನೆ ಮೊನ್ನೆ ಸತ್ತ ಒಂದು ಮಗುವಿನ ಮುಖ ಕೊಟ್ಟ. ಹಳೆಯ ದೂರು ಪಕ್ಕದ ಮನೆಯ ಭಯವಾಯಿತು.

ರಕ್ತವನ್ನೇ ಮುಟ್ಟದವರ ಮೇಲೆ ರಕ್ತದ ಆರೋಪ

ಕಥೆ ಊರಿಂದ ಊರಿಗೆ ಹೋಗುತ್ತ ಬೆಳೆಯಿತು. ಜರ್ಮನಿಯ ಫುಲ್ಡಾದಲ್ಲಿ 1235ರಲ್ಲಿ ಅದಕ್ಕೆ ರಕ್ತ ಸೇರಿಕೊಂಡಿತು. ಯಹೂದಿಗಳು ತಮ್ಮ ಆಚರಣೆಗೆ ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆ ಎಂಬ ಮಾತು ಹುಟ್ಟಿತು. 1255ರಲ್ಲಿ ಇಂಗ್ಲೆಂಡಿನ ಲಿಂಕನ್, 1475ರಲ್ಲಿ ಇಟಲಿಯ ಟ್ರೆಂಟ್ ಇಂಥ ಆರೋಪವನ್ನು ಕಂಡವು. ಎರಡೂ ಕಡೆ ಯಹೂದಿಗಳಿಗೆ ಮರಣದಂಡನೆಯಾಯಿತು, ಎರಡೂ ಕಡೆ ಸತ್ತ ಮಗುವಿನ ಆರಾಧನೆ ಶುರುವಾಯಿತು. ಟ್ರೆಂಟಿನ ಆರಾಧನೆಯನ್ನು ಕ್ಯಾಥೊಲಿಕ್ ಚರ್ಚ್ ನಿಲ್ಲಿಸಿದ್ದು 1965ರಲ್ಲಿ. ಒಂದು ಸುಳ್ಳು 490 ವರ್ಷ ದೀಪ ಹಚ್ಚಿಸಿಕೊಂಡಿತು.

ಯಹೂದಿಗಳ ಅಡುಗೆಮನೆಯನ್ನು ಒಮ್ಮೆ ನೋಡಿದ್ದರೂ ಸಾಕಿತ್ತು, ಈ ಆರೋಪ ಹುಟ್ಟುತ್ತಲೇ ಇರಲಿಲ್ಲ. ರಕ್ತ ತಿನ್ನಬಾರದು ಎಂಬುದು ಅವರ ಧರ್ಮಗ್ರಂಥದ ಕಟ್ಟಪ್ಪಣೆ. ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಸವರಿ, ರಕ್ತವೆಲ್ಲ ಇಳಿದುಹೋದ ಮೇಲೆಯೇ ಒಲೆಗೆ ಇಡುತ್ತಾರೆ. ಒಡೆದ ಮೊಟ್ಟೆಯಲ್ಲಿ ಒಂದು ರಕ್ತದ ಚುಕ್ಕೆ ಕಂಡರೂ ಎಸೆಯುತ್ತಾರೆ. ಮಡಿ ಮೈಲಿಗೆಯ ಮನೆಗಳಲ್ಲಿ ಬೆಳೆದ ನಮಗೆ ಇಂಥ ಕಟ್ಟುನಿಟ್ಟು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನ ದೊಡ್ಡವರಿಗೂ ಇದು ಸುಳ್ಳೆಂದು ಗೊತ್ತಿತ್ತು. ಚಕ್ರವರ್ತಿ ಎರಡನೇ ಫ್ರೆಡರಿಕ್ ಪಂಡಿತರನ್ನು ಕೂಡಿಸಿ ವಿಚಾರಣೆ ನಡೆಸಿ, 1236ರಲ್ಲಿ ಯಹೂದಿಗಳು ನಿರ್ದೋಷಿಗಳೆಂದು ಸಾರಿದ. ಪೋಪ್ ನಾಲ್ಕನೇ ಇನೊಸೆಂಟ್ 1247ರಲ್ಲಿ ಆರೋಪವನ್ನು ಖಂಡಿಸಿದ. ಆದರೆ ಜನ ಸಂತೆಯಲ್ಲಿ ಕೇಳಿದ್ದನ್ನು ನಂಬಿದರು. ಚರ್ಚೂ ಇನ್ನೊಂದು ಕೈಯಿಂದ ಬೆಂಕಿಗೆ ಗಾಳಿ ಹಾಕುತ್ತಲೇ ಇತ್ತು. 1215ರ ಲ್ಯಾಟರನ್ ಧರ್ಮಸಭೆ, ಯಹೂದಿಗಳು ನೋಡಿದ ಕೂಡಲೇ ಗುರುತು ಸಿಗುವಂಥ ಬಟ್ಟೆ ತೊಡಬೇಕೆಂದು ವಿಧಿಸಿತ್ತು. ಏಳು ಶತಮಾನಗಳ ನಂತರ ಹಿಟ್ಲರನ ಜರ್ಮನಿ ಯಹೂದಿಗಳ ಬಟ್ಟೆಗೆ ಹಾಕಿಸಿದ ಹಳದಿ ನಕ್ಷತ್ರದ ಮೊದಲ ಹೊಲಿಗೆ ಬಿದ್ದದ್ದು ಅಲ್ಲಿ.

ಸಾಲಪತ್ರ ಮತ್ತು ಬಾವಿ

ಶೈಲಾಕನ ಬಡ್ಡಿಯ ಕಥೆ ಹುಟ್ಟಿದ್ದಕ್ಕೆ ಕಾರಣ ಮನುಷ್ಯರು ಮಾಡಿದ ಕಾನೂನುಗಳು. ಕ್ರೈಸ್ತರು ಬಡ್ಡಿಗೆ ಹಣ ಕೊಡುವುದು ಪಾಪವೆಂದು ಚರ್ಚ್ ಹೇಳಿತು. ಯಹೂದಿಗಳಿಗೆ ಕುಶಲಕರ್ಮಿಗಳ ಸಂಘಗಳ ಬಾಗಿಲು ಮುಚ್ಚಿತ್ತು, ಹಲವೆಡೆ ಜಮೀನೂ ಕೈಗೆಟಕುತ್ತಿರಲಿಲ್ಲ. ಉಳಿದ ಕೆಲವು ಕಸುಬುಗಳಲ್ಲಿ ಲೇವಾದೇವಿ ಒಂದು. ದೊರೆಗಳಿಗೆ ಇದು ಬಲು ಅನುಕೂಲವಾಯಿತು. ಯಹೂದಿ ಪ್ರಜೆಯಿಂದ ಸಾಲ ವಸೂಲಿ ಮಾಡಿಸುವುದು, ಆಮೇಲೆ ಅವನ ಮೇಲೆ ತೆರಿಗೆ ಹೇರಿ ಆ ಹಣವನ್ನು ಬೊಕ್ಕಸಕ್ಕೆ ಎಳೆದುಕೊಳ್ಳುವುದು. ಜನರ ಸಿಟ್ಟು ಮಾತ್ರ ವಸೂಲಿಗೆ ಬಂದವನ ಮೇಲೆ. ಯಹೂದಿಗಳಲ್ಲಿ ಬಹಳಷ್ಟು ಮಂದಿ ಬಡವರೇ ಆಗಿದ್ದರು ಎಂಬುದು ಈ ಚಿತ್ರದಲ್ಲಿ ಅಳಿಸಿಯೇ ಹೋಯಿತು.

ಸಿಟ್ಟಿನ ಒಳಗೆ ಏನಿತ್ತೆಂದು ಯಾರ್ಕ್ ನಗರ ತೋರಿಸಿಕೊಟ್ಟಿತು. 1190ರ ಮಾರ್ಚ್‌ನಲ್ಲಿ ಅಲ್ಲಿನ ಯಹೂದಿಗಳು ಉದ್ರಿಕ್ತ ಗುಂಪಿಗೆ ಹೆದರಿ ಕೋಟೆಯ ಬುರುಜಿನಲ್ಲಿ ಆಶ್ರಯ ಪಡೆದರು. ತಪ್ಪಿಸಿಕೊಳ್ಳುವ ದಾರಿ ಕಾಣದೆ ಹೆಚ್ಚಿನವರು ತಮ್ಮವರ ಕೈಯಿಂದಲೇ ಪ್ರಾಣ ಬಿಟ್ಟರು. ಜೀವ ಉಳಿಸುವ ಮಾತು ನಂಬಿ ಹೊರಬಂದವರನ್ನು ಗುಂಪು ಕೊಂದಿತು. ಸತ್ತವರು ಸುಮಾರು 150 ಮಂದಿ. ಇದಾದ ಮೇಲೆ ಗುಂಪು ನೇರ ಹೋದದ್ದು ಪ್ರಧಾನ ಚರ್ಚಿಗೆ. ಅಲ್ಲಿ ಭದ್ರವಾಗಿ ಇಟ್ಟಿದ್ದ ಸಾಲಪತ್ರಗಳನ್ನು ತೆಗೆದು ಸುಟ್ಟುಹಾಕಿತು. ಮುಂದಾಳುಗಳಲ್ಲಿ ದೊಡ್ಡ ಸಾಲಗಾರರಿದ್ದರು.

ಮುಂದೆ ಬಂದದ್ದು ಪ್ಲೇಗ್. 1348ರಲ್ಲಿ ಯುರೋಪಿನ ಊರುಗಳು ಸಾಲು ಸಾಲಾಗಿ ಸಾಯತೊಡಗಿದಾಗ ಕಾರಣ ಯಾರಿಗೂ ತಿಳಿಯಲಿಲ್ಲ. ಯಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. ಜಿನೀವಾ ಸರೋವರದ ದಂಡೆಯ ಶಿಯೋನ್ ಕೋಟೆಯಲ್ಲಿ ಕೆಲವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟು ‘ತಪ್ಪೊಪ್ಪಿಗೆ’ ಬರೆಸಿಕೊಂಡರು. ಆ ಕಾಗದದ ನಕಲುಗಳು ರೋಗಕ್ಕಿಂತ ಮುಂಚೆ ಊರೂರು ತಲುಪಿದವು. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಅವರದೇ ಸ್ಮಶಾನದಲ್ಲಿ ಮರದ ಅಟ್ಟಣೆಯ ಮೇಲೆ ಸುಟ್ಟರು. ಪ್ಲೇಗ್ ಆ ಊರಿಗೆ ಇನ್ನೂ ಕಾಲೇ ಇಟ್ಟಿರಲಿಲ್ಲ. ಅವರಿಗೆ ಕೊಡಬೇಕಿದ್ದ ಸಾಲಗಳು ಮನ್ನಾ ಆದವು. ಅವರ ಹಣವನ್ನು ಹಂಚಿಕೊಂಡರು.

ಆಗ ಪೋಪ್ ಆಗಿದ್ದ ಆರನೇ ಕ್ಲೆಮೆಂಟ್ ಬಹಳ ಸರಳವಾದ ಮಾತು ಹೇಳಿದ್ದ. ಇದೇ ರೋಗದಿಂದ ಯಹೂದಿಗಳೂ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ನಾಡುಗಳಲ್ಲೂ ಜನ ಸಾಯುತ್ತಿದ್ದಾರೆ, ಹಾಗಿರುವಾಗ ವಿಷದ ಮಾತು ಹೇಗೆ ನಿಜವಾದೀತು? ಚಿಕ್ಕ ಮಗುವಿಗೂ ಅರ್ಥವಾಗುವ ಪ್ರಶ್ನೆ. ಆದರೆ ಮಕ್ಕಳನ್ನು ಮಣ್ಣು ಮಾಡಿ ಬಂದವರಿಗೆ ಉತ್ತರ ಬೇಕಿರಲಿಲ್ಲ, ಹೊಣೆ ಹೊರುವ ಒಂದು ತಲೆ ಬೇಕಿತ್ತು. ನೀರಿನ ಜೊತೆ ಮೈಲಿಗೆಯ ಭಯವನ್ನು ಬೆರೆಸಿ, ಬಾವಿಯ ಸುತ್ತ ಮನುಷ್ಯರನ್ನು ಬೇರೆ ಬೇರೆ ನಿಲ್ಲಿಸಿದ ನಾಡು ನಮ್ಮದು. ಬಾವಿಯ ಹೆಸರಿನಲ್ಲಿ ಮನುಷ್ಯ ಎಷ್ಟು ಕ್ರೂರನಾಗಬಹುದು ಎಂಬುದನ್ನು ನಾವು ದೂರದ ಕಥೆಯೆಂದು ಓದಲಾರೆವು.

ನಂಬಿಕೆಯಿಂದ ರಕ್ತಕ್ಕೆ

ಇಲ್ಲಿಯವರೆಗೆ ಯಹೂದಿಗೆ ಒಂದು ದಾರಿ ಇತ್ತು, ಎಷ್ಟೇ ಅವಮಾನದ್ದಾದರೂ. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದರೆ ಜೀವ ಉಳಿಯುತ್ತಿತ್ತು. ಆ ದಾರಿ ಮುಚ್ಚಿದ್ದು ಸ್ಪೇನಿನಲ್ಲಿ.

ಅಲ್ಲಿ 1391ರ ಹತ್ಯಾಕಾಂಡಗಳ ನಂತರ ಸಾವಿರಾರು ಯಹೂದಿಗಳು ಮತಾಂತರವಾದರು. ಅವರ ಮಕ್ಕಳು ಹುಟ್ಟು ಕ್ರೈಸ್ತರು. ಓದಿದರು, ಹುದ್ದೆ ಹಿಡಿದರು, ಚರ್ಚಿನಲ್ಲೂ ಮೇಲೇರಿದರು. ಆಗ ದ್ವೇಷ ತನ್ನ ಮಾತನ್ನು ಬದಲಿಸಿತು. ಟೊಲೆಡೊ ನಗರ 1449ರಲ್ಲಿ ಒಂದು ಶಾಸನ ಹೊರಡಿಸಿ, ಯಹೂದಿ ಮೂಲದ ಕ್ರೈಸ್ತರು ಸಾರ್ವಜನಿಕ ಹುದ್ದೆ ಹಿಡಿಯಬಾರದು ಎಂದಿತು. ‘ರಕ್ತಶುದ್ಧಿ’ ಎಂಬ ಮಾತು ಚಲಾವಣೆಗೆ ಬಂತು. ಏನು ನಂಬುತ್ತೀ ಎಂದು ಕೇಳುವುದು ನಿಂತು, ನಿನ್ನ ಅಜ್ಜಿ ಯಾರ ಮಗಳು ಎಂದು ಕೇಳುವುದು ಶುರುವಾಯಿತು. 1492ರಲ್ಲಿ ಮತಾಂತರವಾಗದ ಯಹೂದಿಗಳೆಲ್ಲ ಸ್ಪೇನ್ ಬಿಡಬೇಕಾಯಿತು. ಪೋರ್ಚುಗಲ್ಲಿಗೆ ಓಡಿದವರನ್ನು 1497ರಲ್ಲಿ ಅಲ್ಲಿ ಬಲವಂತವಾಗಿ ಕ್ರೈಸ್ತರನ್ನಾಗಿಸಿದರು.

ಈ ಬೆಂಕಿಯ ಕಿಡಿ ನಮ್ಮ ಗಡಿಯ ಪಕ್ಕಕ್ಕೇ ಬಂದು ಬಿತ್ತು. ಪೋರ್ಚುಗೀಸರು 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ತೆರೆದರು. ಮುಂದೆ ಅದರ ಹಿಂಸೆಗೆ ಸಿಕ್ಕವರಲ್ಲಿ ಗೋವಾದ ಹಿಂದೂ ಮೂಲದವರೇ ಬಹಳ. ಆದರೆ ಮೊದಮೊದಲು ಅದರ ಕಣ್ಣಿದ್ದದ್ದು ಯಹೂದಿ ಮೂಲದ ಕ್ರೈಸ್ತರ ಮೇಲೆ. ಗಾರ್ಸಿಯಾ ದ ಓರ್ಟಾ ಎಂಬ ವೈದ್ಯ ಅಲ್ಲಿದ್ದ. ಭಾರತದ ಗಿಡಮೂಲಿಕೆ, ಮಸಾಲೆ, ಔಷಧಿಗಳ ಬಗ್ಗೆ ಅವನು ಬರೆದ ಗ್ರಂಥ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕಟರೀನಾಳನ್ನು ಗುಟ್ಟಾಗಿ ಯಹೂದಿ ಆಚರಣೆ ಉಳಿಸಿಕೊಂಡಳೆಂದು ಜೀವಂತ ಸುಟ್ಟರು. 1580ರಲ್ಲಿ ಓರ್ಟಾನ ಗೋರಿಯನ್ನು ಅಗೆದು, ಮೂಳೆಗಳನ್ನು ಹೊರತೆಗೆದು ಸುಟ್ಟರು. ಸತ್ತು ಹನ್ನೆರಡು ವರ್ಷವಾದರೂ ಅವನ ರಕ್ತ ಅವರಿಗೆ ಶುದ್ಧವಾಗಿರಲಿಲ್ಲ.

ಆದರೆ ಗೋವಾದಿಂದ ದಕ್ಷಿಣಕ್ಕಿರುವ ಕೊಚ್ಚಿಯಲ್ಲಿ ಅದೇ 1568ರಲ್ಲಿ ಪರದೇಶಿ ಸಿನಗಾಗ್ ತಲೆ ಎತ್ತಿತು, ಅಲ್ಲಿನ ರಾಜನ ಅರಮನೆಯ ಮಗ್ಗುಲಲ್ಲೇ. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿಗಳು ಗಾಣ ತಿರುಗಿಸಿಕೊಂಡಿದ್ದರು. ಶನಿವಾರ ಗಾಣ ಮುಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಅದೂ ಒಂದು ಅಡ್ಡಹೆಸರೇ, ಆದರೆ ಕಣ್ಣಾರೆ ಕಂಡದ್ದರಿಂದ ಹುಟ್ಟಿದ್ದು. ಅದರಲ್ಲಿ ವಿಷವಿರಲಿಲ್ಲ.

ಮುಸ್ಲಿಂ ನಾಡುಗಳ ಚರಿತ್ರೆ ಬೇರೆ ಬಗೆಯದು. ಅಲ್ಲಿ ಯಹೂದಿಗಳು ತಲೆಗಂದಾಯ ಕೊಟ್ಟು ಎರಡನೇ ದರ್ಜೆಯ ಪ್ರಜೆಗಳಾಗಿ ಬದುಕಿದರು. 1066ರಲ್ಲಿ ಗ್ರನಾಡಾದಲ್ಲಿ ನಡೆದಂಥ ಕಗ್ಗೊಲೆಗಳೂ ಇವೆ. ಆದರೆ ರಕ್ತದ ಕಥೆ ಅಲ್ಲಿಯದಲ್ಲ, ಯುರೋಪಿನಿಂದ ಹೋದದ್ದು. 1840ರಲ್ಲಿ ಡಮಾಸ್ಕಸ್‌ನಲ್ಲಿ ಕ್ರೈಸ್ತ ಸನ್ಯಾಸಿಯೊಬ್ಬ ಕಾಣೆಯಾದಾಗ ಯಹೂದಿಗಳ ಮೇಲೆ ಆ ಆರೋಪ ಬಂತು. ಅಲ್ಲಿದ್ದ ಫ್ರಾನ್ಸಿನ ಕಾನ್ಸಲನೇ ಅದಕ್ಕೆ ಬೆಂಬಲ ಕೊಟ್ಟ. ಆರೋಪ ಸುಳ್ಳೆಂದು ಅದೇ ವರ್ಷ ಫರ್ಮಾನು ಹೊರಡಿಸಿದವನು ಒಟ್ಟೊಮನ್ ಸುಲ್ತಾನ.

ಹೊಸ ಹೆಸರು, ಹೊಸ ಅಚ್ಚು

ಫ್ರಾನ್ಸಿನ ಕ್ರಾಂತಿ 1791ರಲ್ಲಿ ಯಹೂದಿಗಳಿಗೆ ಸಮಾನ ನಾಗರಿಕತ್ವ ಕೊಟ್ಟಿತು. ಒಂದೊಂದೇ ದೇಶದಲ್ಲಿ ಘೆಟ್ಟೊಗಳ ಬಾಗಿಲು ತೆರೆದವು. ವೆನಿಸ್ 1516ರಲ್ಲಿ ಯಹೂದಿಗಳನ್ನು ಒಂದು ದ್ವೀಪದೊಳಗೆ ಕೂಡಿಹಾಕಿ ರಾತ್ರಿ ಬೀಗ ಹಾಕಲು ಶುರುಮಾಡಿದಾಗ ಹುಟ್ಟಿದ ಪದ ‘ಘೆಟ್ಟೊ’. ಬೀಗ ತೆಗೆದ ಮೇಲೆ ವೈದ್ಯರು, ವಕೀಲರು, ಸಂಗೀತಗಾರರು, ವಿಜ್ಞಾನಿಗಳು ಹೊರಬಂದರು. ದ್ವೇಷ ಇಲ್ಲಿಗೆ ಸಾಯಬೇಕಿತ್ತು. ಆದರೆ ಧರ್ಮದ ಮಾತನ್ನು ಪಕ್ಕಕ್ಕಿಟ್ಟ ಹೊಸ ಕಾಲ ವಿಜ್ಞಾನದ ಮಾತನ್ನು ನಂಬುತ್ತಿತ್ತು. ದ್ವೇಷ ಆ ಭಾಷೆ ಕಲಿತಿತು.

ಜರ್ಮನಿಯ ಪತ್ರಕರ್ತ ವಿಲ್ಹೆಲ್ಮ್ ಮಾರ್ 1879ರಲ್ಲಿ ಯಹೂದಿ ವಿರೋಧಿ ಸಂಘವೊಂದನ್ನು ಕಟ್ಟಿದ. ‘ಆ್ಯಂಟಿಸೆಮಿಟಿಸಂ’ ಎಂಬ ಪದ ಜನರ ಬಾಯಿಗೆ ಬಂದದ್ದು ಅವನಿಂದ. ‘ಯಹೂದಿ ದ್ವೇಷ’ ಎಂದರೆ ಒರಟಾಗಿ ಕೇಳುತ್ತದೆ, ಇದು ಕಾಲೇಜಿನ ಪಠ್ಯದ ಪದದ ಹಾಗೆ ಕೇಳುತ್ತದೆ. ಧರ್ಮದ ಜಗಳ ನಮ್ಮದಲ್ಲ, ಇದು ಜನಾಂಗಗಳ ಹೋರಾಟ ಎಂದ ಅವನು. ಜನಾಂಗವನ್ನು ಬಿಟ್ಟು ಹೊರಬರಲು ಯಾವ ದೀಕ್ಷಾಸ್ನಾನವೂ ಇಲ್ಲ.

ಫ್ರಾನ್ಸಿನಲ್ಲೇ ಇದರ ಪರೀಕ್ಷೆಯಾಯಿತು. ಸೇನೆಯ ಯಹೂದಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೈಫಸ್ ಜರ್ಮನಿಗೆ ಗುಟ್ಟು ಮಾರಿದನೆಂದು 1894ರಲ್ಲಿ ಶಿಕ್ಷೆಯಾಯಿತು. ಅವನ ಸಮವಸ್ತ್ರದ ಪಟ್ಟಿಗಳನ್ನು ಕಿತ್ತು, ಕತ್ತಿ ಮುರಿದು, ದೂರದ ಡೆವಿಲ್ಸ್ ದ್ವೀಪಕ್ಕೆ ಸಾಗಿಸಿದರು. ನಿಜವಾದ ಅಪರಾಧಿ ಬೇರೆಯವನೆಂದು ಗೊತ್ತಾದ ಮೇಲೂ ಸೇನೆ ಮುಚ್ಚಿಟ್ಟಿತು. 1898ರ ಜನವರಿ 13ರಂದು ಎಮಿಲ್ ಜೋಲಾ ಪತ್ರಿಕೆಯ ಮುಖಪುಟದಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ತಪ್ಪಿತಸ್ಥ ಅಧಿಕಾರಿಗಳ ಹೆಸರು ಹಿಡಿದು ಹೇಳಿದ. ಡ್ರೈಫಸ್ ನಿರ್ದೋಷಿಯೆಂದು ತೀರ್ಪು ಬಂದದ್ದು 1906ರಲ್ಲಿ. ಒಂದು ಪತ್ರಿಕೆ ಅನ್ಯಾಯವನ್ನು ಬಯಲಿಗೆಳೆಯಿತು, ಹತ್ತು ಪತ್ರಿಕೆಗಳು ಅದೇ ಅನ್ಯಾಯಕ್ಕೆ ಎಣ್ಣೆ ಹೊಯ್ದಿದ್ದವು. ಅಚ್ಚಿನ ಮೊಳೆಗೆ ಎರಡೂ ಒಂದೇ.

ರಷ್ಯಾ ಸಾಮ್ರಾಜ್ಯದ ಕಿಶಿನೆವ್ ನಗರದಲ್ಲಿ ಅಚ್ಚಿನ ಮೊಳೆಯೇ ಕೊಲೆಗಾರನಾಯಿತು. ಹತ್ತಿರದ ಊರಿನಲ್ಲಿ ಸತ್ತ ಹುಡುಗನೊಬ್ಬನ ಸುದ್ದಿಗೆ ಸ್ಥಳೀಯ ಪತ್ರಿಕೆಯೊಂದು ಹಳೆಯ ರಕ್ತದ ಕಥೆಯನ್ನು ಹೆಣೆದು ಮತ್ತೆ ಮತ್ತೆ ಬರೆಯಿತು. 1903ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದಂದು, ಗುಂಪುಗಳು ಯಹೂದಿಗಳ ಮನೆಗಳಿಗೆ ನುಗ್ಗಿ 49 ಜನರನ್ನು ಕೊಂದವು. ಆ ಪತ್ರಿಕೆ ನಡೆಸುತ್ತಿದ್ದ ಪವೆಲ್ ಕ್ರುಶೆವಾನ್, ಅದೇ ವರ್ಷ ಸೇಂಟ್ ಪೀಟರ್ಸ್‌ಬರ್ಗಿನ ತನ್ನ ಇನ್ನೊಂದು ಪತ್ರಿಕೆಯಲ್ಲಿ ‘ಪ್ರೊಟೊಕಾಲ್ಸ್’ ಎಂಬ ಬರಹವನ್ನು ಧಾರಾವಾಹಿಯಾಗಿ ಹಾಕಿದ. ಯಹೂದಿ ಹಿರಿಯರು ಗುಟ್ಟಾಗಿ ಸೇರಿ ಜಗತ್ತನ್ನು ಆಳುವ ಸಂಚು ಹೂಡಿದ ಸಭೆಗಳ ನಡಾವಳಿ ಎಂದು ಅದನ್ನು ಬಿಂಬಿಸಲಾಯಿತು.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಫಿಲಿಪ್ ಗ್ರೇವ್ಸ್ 1921ರಲ್ಲಿ ಇದರ ಬಣ್ಣ ಬಯಲು ಮಾಡಿದ. ಮಾರಿಸ್ ಜೋಲಿ ಎಂಬ ಫ್ರೆಂಚ್ ಲೇಖಕ 1864ರಲ್ಲಿ ಮೂರನೇ ನೆಪೋಲಿಯನ್ನನ ದರ್ಬಾರನ್ನು ಟೀಕಿಸಿ ಒಂದು ಪುಸ್ತಕ ಬರೆದಿದ್ದ. ಅದರಲ್ಲಿ ಯಹೂದಿಗಳ ಸಂಚಿನ ಮಾತೇ ಇಲ್ಲ. ಅದರ ಸಾಲುಸಾಲನ್ನು ಕದ್ದು ಯಹೂದಿಗಳ ಬಾಯಿಗೆ ತುರುಕಿದ್ದರು. ಗ್ರೇವ್ಸ್ ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿ ತೋರಿಸಿದ. ಆದರೂ ಅದು ನಿಲ್ಲಲಿಲ್ಲ. ಕಾರು ತಯಾರಿಸುತ್ತಿದ್ದ ಹೆನ್ರಿ ಫೋರ್ಡ್ ಅಮೆರಿಕದ ತನ್ನ ವಾರಪತ್ರಿಕೆಯಲ್ಲಿ 1920ರಿಂದಲೇ ಇದನ್ನು ಹಬ್ಬಿಸುತ್ತಿದ್ದ. 1927ರಲ್ಲಿ ಕ್ಷಮೆ ಕೇಳಿದ. ಅಷ್ಟರಲ್ಲಿ ಅವನ ಬರಹಗಳು ಜರ್ಮನ್ ಭಾಷೆಗೆ ಹೋಗಿ ಓದುಗರನ್ನು ಕಂಡುಕೊಂಡಿದ್ದವು.

ಚರ್ಚಿನ ದಾಖಲೆಯಲ್ಲಿ ಜನಾಂಗ ಹುಡುಕಿದವರು

ಹಿಟ್ಲರನ ಕೈಗೆ ಈ ಎಲ್ಲ ವೇಷಗಳೂ ಒಟ್ಟಿಗೆ ಸಿಕ್ಕವು. ಮಕ್ಕಳ ರಕ್ತ ಕುಡಿಯುವವನು, ಬಡ್ಡಿಕೋರ, ರೋಗಾಣು, ಬ್ಯಾಂಕಿನ ಒಡೆಯ, ಕಮ್ಯುನಿಸ್ಟ್ ಕ್ರಾಂತಿಕಾರಿ. ಬ್ಯಾಂಕಿನವನೂ ಬ್ಯಾಂಕ್ ಒಡೆಯುವವನೂ ಒಬ್ಬನೇ ಹೇಗಾದಾನು ಎಂದು ಕೇಳುವವರ ದನಿ ಅಡಗಿತ್ತು. 1935ರ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳ ಪೌರತ್ವ ಕಿತ್ತುಕೊಂಡವು. ಆದರೆ ಯಹೂದಿ ಯಾರು ಎಂದು ನಿರ್ಧರಿಸುವುದು ಹೇಗೆ? ಯಾವ ಪ್ರಯೋಗಾಲಯವೂ ‘ಯಹೂದಿ ರಕ್ತ’ವನ್ನು ತೋರಿಸಿಕೊಡಲಾರದು, ಅಂಥದೊಂದು ಇಲ್ಲವೇ ಇಲ್ಲ. ಕೊನೆಗೆ ಹಿಟ್ಲರನ ಅಧಿಕಾರಿಗಳು ಅಜ್ಜ ಅಜ್ಜಿಯರಲ್ಲಿ ಎಷ್ಟು ಮಂದಿ ಯಹೂದಿ ಧರ್ಮದವರು ಎಂದು ಎಣಿಸಿದರು. ಅದಕ್ಕಾಗಿ ಚರ್ಚಿನ ದೀಕ್ಷಾಸ್ನಾನದ ಹಳೆಯ ಪುಸ್ತಕಗಳನ್ನು ತೆರೆದರು. ವಿಜ್ಞಾನದ ಕೋಟು ತೊಟ್ಟ ಸುಳ್ಳು ಸಾಕ್ಷಿ ಬೇಕಾದಾಗ ಹಳೆಯ ಮನೆಗೇ ಹೋಗಿ ನಿಂತಿತು.

1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಯಹೂದಿ ನಿರಾಶ್ರಿತರ ಬಗ್ಗೆ ಮಾತಾಡಲು ಸೇರಿದವು. ಹೆಚ್ಚಿನ ದೇಶಗಳು ಬಾಗಿಲು ತೆರೆಯಲಿಲ್ಲ. ನವೆಂಬರ್‌ನಲ್ಲಿ ಜರ್ಮನಿಯ ಸಿನಗಾಗ್‌ಗಳು ಉರಿದವು. 1941ರ ಸೆಪ್ಟೆಂಬರ್ 29 ಮತ್ತು 30ರಂದು, ಕೀವ್ ಪಕ್ಕದ ಬಾಬಿ ಯಾರ್ ಕಣಿವೆಯಲ್ಲಿ, ಕೊಂದವರೇ ಬರೆದಿಟ್ಟ ಲೆಕ್ಕದ ಪ್ರಕಾರ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಆಮೇಲೆ ಆಶ್‌ವಿಟ್ಸ್‌ನಂಥ ಶಿಬಿರಗಳಲ್ಲಿ ಅನಿಲದ ಕೋಣೆಗಳು ಬಂದವು. ಒಟ್ಟು ಸತ್ತವರು ಸುಮಾರು 60 ಲಕ್ಷ. ಈ ಅಂಕಿಯ ಮುಂದೆ ನನಗೆ ವಾಕ್ಯ ಬರೆಯಲು ಬರುವುದಿಲ್ಲ.

ಆದರೆ 1946ರ ಒಂದು ದಿನದ ಬಗ್ಗೆ ಬರೆಯಲೇಬೇಕು. ಯುದ್ಧ ಮುಗಿದು ವರ್ಷವಾಗಿತ್ತು, ಶಿಬಿರಗಳ ಚಿತ್ರಗಳನ್ನು ಜಗತ್ತು ನೋಡಿಯಾಗಿತ್ತು. ಪೋಲೆಂಡಿನ ಕೀಲ್ಚೆ ಪಟ್ಟಣದಲ್ಲಿ ಬದುಕುಳಿದು ಬಂದ ಯಹೂದಿಗಳು ಒಂದು ಕಟ್ಟಡದಲ್ಲಿ ತಂಗಿದ್ದರು. ಮನೆ ಬಿಟ್ಟು ಹೋಗಿ ಮರಳಿದ ಎಂಟು ವರ್ಷದ ಹುಡುಗನೊಬ್ಬ, ತನ್ನನ್ನು ಆ ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಎಂದ. ಮಕ್ಕಳನ್ನು ಕೊಲ್ಲುತ್ತಿದ್ದಾರೆ ಎಂಬ ಮಾತು ಬೀದಿಗೆ ಹಬ್ಬಿತು. ಜುಲೈ 4ರಂದು ಗುಂಪು, ಸೈನಿಕರು, ಪೊಲೀಸರು ಸೇರಿ 42 ಯಹೂದಿಗಳನ್ನು ಕೊಂದರು. ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ನಾರ್ವಿಚ್‌ನ ಕಾಡಿನಿಂದ ಹೊರಟ ಕಥೆ ಆಶ್‌ವಿಟ್ಸ್ ದಾಟಿಯೂ ನಡೆದು ಬಂದಿತ್ತು.

ಇಂದಿನ ವೇಷಗಳು

ಆಮೇಲೆ ‘ಯಹೂದಿ’ ಎಂದು ಬಾಯಿಬಿಟ್ಟು ಬೈಯುವುದು ನಾಚಿಕೆಯ ಮಾತಾಯಿತು. ದ್ವೇಷ ಬದಲಿ ಪದಗಳನ್ನು ಹುಡುಕಿತು. ಸ್ಟಾಲಿನ್ನನ ಸೋವಿಯತ್ ದೇಶದಲ್ಲಿ ಅವರು ‘ಬೇರಿಲ್ಲದವರು’ ಎನಿಸಿಕೊಂಡರು. 1953ರ ಜನವರಿಯಲ್ಲಿ, ನಾಯಕರಿಗೆ ವಿಷವಿಕ್ಕುವ ಸಂಚು ಮಾಡಿದರೆಂದು ಹೆಚ್ಚಾಗಿ ಯಹೂದಿಗಳೇ ಆಗಿದ್ದ ವೈದ್ಯರ ಮೇಲೆ ಆರೋಪ ಹೊರಿಸಲಾಯಿತು. ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತ ಮೇಲೆ ಇಡೀ ಪ್ರಕರಣ ಕಟ್ಟುಕಥೆಯೆಂದು ಸರ್ಕಾರವೇ ಒಪ್ಪಿತು. ಬಾವಿಯ ಜಾಗಕ್ಕೆ ಔಷಧಿಯ ಬಾಟಲಿ ಬಂದಿತ್ತು. ಈಗ ‘ಜಗತ್ತನ್ನು ಆಳುವ ಕಾಣದ ಕೈ’ ಎನ್ನುತ್ತಾರೆ, ಯಾವುದೋ ಶ್ರೀಮಂತ ಮನೆತನದ ಹೆಸರು ಹೇಳಿ ಕಣ್ಣು ಮಿಟುಕಿಸುತ್ತಾರೆ.

2018ರ ಅಕ್ಟೋಬರ್ 27ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಸಿನಗಾಗಿನಲ್ಲಿ ಪ್ರಾರ್ಥನೆಗೆ ಬಂದ 11 ಜನರನ್ನು ಕೊಂದವನು, ಅದಕ್ಕೆ ಮುಂಚೆ ಅಂತರ್ಜಾಲದಲ್ಲಿ ಬರೆದಿದ್ದ. ವಲಸಿಗರಿಗೆ ನೆರವಾಗುವ ಯಹೂದಿ ಸಂಸ್ಥೆಯೊಂದು ತನ್ನ ದೇಶಕ್ಕೆ ದಾಳಿಕೋರರನ್ನು ತರುತ್ತಿದೆ ಎಂಬುದು ಅವನ ಮಾತಿನ ಸಾರ. ಅವನದು ಬಲಪಂಥದ ಭ್ರಮೆ. ಎಡಪಂಥದಲ್ಲೂ, ಇಸ್ಲಾಮಿನ ಹೆಸರಿನ ಉಗ್ರವಾದದಲ್ಲೂ ಈ ಭ್ರಮೆಗೆ ಮನೆಗಳಿವೆ. ಹಮಾಸ್ 1988ರಲ್ಲಿ ಹೊರಡಿಸಿದ ಸನ್ನದು, 1921ರಲ್ಲೇ ಸುಳ್ಳೆಂದು ಸಾಬೀತಾದ ‘ಪ್ರೊಟೊಕಾಲ್ಸ್’ ಅನ್ನು ಸಾಕ್ಷಿಯಾಗಿ ಹೆಸರಿಸಿತ್ತು.

ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಇಸ್ರೇಲ್ ಒಂದು ದೇಶ. ಅದರ ಸರ್ಕಾರವನ್ನು, ಸೇನೆಯನ್ನು, ಯುದ್ಧವನ್ನು ಟೀಕಿಸುವ ಹಕ್ಕು ಎಲ್ಲರಿಗೂ ಇದೆ. ಗಾಜಾದ ಮಕ್ಕಳಿಗಾಗಿ ಮರುಗುವವರನ್ನು ಯಹೂದಿ ದ್ವೇಷಿಗಳೆಂದು ಕರೆಯುವುದು ಅನ್ಯಾಯ. ಇಸ್ರೇಲಿನಲ್ಲಿರುವ ಯಹೂದಿಗಳಲ್ಲೇ ಅಂಥ ಟೀಕೆ ಮಾಡುವವರು ಬಹಳ ಮಂದಿ. ಆದರೆ ಆ ಸರ್ಕಾರ ಮಾಡಿದ್ದಕ್ಕೆ ಪ್ಯಾರಿಸಿನ ಅಂಗಡಿಯವನೋ ಮುಂಬಯಿಯ ಪ್ರಾರ್ಥನಾಮಂದಿರದವನೋ ಉತ್ತರ ಕೊಡಬೇಕು ಎಂದಾಗ ಗೆರೆ ದಾಟಿದ್ದೇವೆ. ಒಬ್ಬನ ಕೆಲಸಕ್ಕೆ ಇಡೀ ಕುಲವನ್ನು ಕಟಕಟೆಗೆ ನಿಲ್ಲಿಸುವುದೇ ಈ ರೋಗದ ಮೊದಲ ಲಕ್ಷಣ. 2008ರ ನವೆಂಬರ್‌ನಲ್ಲಿ ಮುಂಬಯಿಯ ಯಹೂದಿ ಕೇಂದ್ರ ನಾರಿಮನ್ ಹೌಸ್ ಹುಡುಕಿಕೊಂಡು ಹೋದ ಉಗ್ರರು ಅಲ್ಲಿನ ಧರ್ಮಗುರು ದಂಪತಿ ಸೇರಿದಂತೆ ಆರು ಯಹೂದಿಗಳನ್ನು ಕೊಂದರು. ಆ ದಂಪತಿಯ ಎರಡು ವರ್ಷದ ಮಗ ಉಳಿದದ್ದು ಅವನನ್ನು ಎದೆಗವಚಿಕೊಂಡು ಹೊರಗೆ ಓಡಿಬಂದ ಭಾರತೀಯ ದಾದಿಯಿಂದ.

ನಮ್ಮ ತರಗತಿಗೆ ಮರಳಿ

ನಮ್ಮಲ್ಲಿ ಯಹೂದಿ ದ್ವೇಷದ ದೊಡ್ಡ ಚರಿತ್ರೆ ಇಲ್ಲ, ನಿಜ. ಬೆಂಗಳೂರಿನ ಮೈಸೂರು ರಸ್ತೆಯ ಬಳಿಯ ಪುಟ್ಟ ಯಹೂದಿ ಸ್ಮಶಾನದಲ್ಲಿ ಅವರ ಹಿರಿಯರು ನೆಮ್ಮದಿಯಾಗಿ ಮಲಗಿದ್ದಾರೆ. ಆದರೆ ನಮ್ಮ ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ ಹಿಟ್ಲರನ ಆತ್ಮಕಥೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಶಿಸ್ತು ಕಲಿಯಲು ಓದಬೇಕಾದ ಪುಸ್ತಕ ಎಂದು ಕೊಳ್ಳುವ ಹುಡುಗರಿದ್ದಾರೆ. ಇನ್ನು ಕೆಲವರು ಯಹೂದಿಗಳನ್ನು ಹೊಗಳುತ್ತಾರೆ. ಅವರು ಹುಟ್ಟಾ ಬುದ್ಧಿವಂತರು, ದುಡ್ಡು ಮಾಡುವುದು ಅವರ ರಕ್ತದಲ್ಲೇ ಇದೆ ಎಂದು. ಹೊಗಳಿಕೆಯಾದರೂ ಅದು ಬಿದ್ದಿರುವುದು ಶೈಲಾಕನ ಅಚ್ಚಿನಲ್ಲೇ. ರಕ್ತದಲ್ಲಿ ಗುಣ ಹುಡುಕುವವರು ನಾಳೆ ರಕ್ತದಲ್ಲೇ ದೋಷವನ್ನೂ ಹುಡುಕುತ್ತಾರೆ.

ಕಥೆಗೆ ಯಹೂದಿಯೇ ಬೇಕಿಲ್ಲ ಎಂದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದು ಕಣ್ಣೆದುರೇ ಕಂಡಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿ, ಗುಂಪು ಒಬ್ಬನನ್ನು ಹೊಡೆದು ಕೊಂದಿತು. ಹೊರಗಿನವನು ಮಕ್ಕಳಿಗಾಗಿ ಬಂದಿದ್ದಾನೆ ಎಂಬ ಆ ಒಂದು ವಾಕ್ಯಕ್ಕೆ ನಾರ್ವಿಚ್‌ನಲ್ಲಿ ಸನ್ಯಾಸಿಯ ಲೇಖನಿ ಬೇಕಾಗಿತ್ತು, ಕಿಶಿನೆವ್‌ನಲ್ಲಿ ಪತ್ರಿಕೆ ಬೇಕಾಗಿತ್ತು. ಈಗ ಒಂದು ಹೆಬ್ಬೆರಳು ಸಾಕು.

ಗಿರವಿ ಅಂಗಡಿಯ ಆ ಹುಡುಗ ಮುಂದೆ ಬೇರೆ ಊರಿಗೆ ಹೋದ. ಆ ಹೆಸರನ್ನು ಮೊದಲು ಕೂಗಿದವನು ನಾನಲ್ಲದಿರಬಹುದು. ಆದರೆ ಕೂಗಿದವರಲ್ಲಿ ನಾನೂ ಇದ್ದೆ, ಅವನ ಮನೆಯ ಬಾವಿಯ ನೀರು ಕುಡಿದವನು.

ಇಂದು ಯಾವುದಾದರೂ ಶಾಲೆಯಲ್ಲಿ ಶೈಲಾಕನ ಪಾಠ ಮಾಡುವ ಮೇಷ್ಟ್ರನ್ನು, ಟೀಚರನ್ನು ಒಂದು ಮಾತು ಕೇಳಿಕೊಳ್ಳುತ್ತೇನೆ. ನಾಟಕ ಬಿಡಬೇಡಿ, ಚೆನ್ನಾಗಿಯೇ ಅಭಿನಯಿಸಿ ಕಲಿಸಿ. ಮುಗಿದ ಮೇಲೆ ಕಪ್ಪುಹಲಗೆಯ ಮೇಲೆ ಮೂರು ಇಸವಿ ಬರೆಯಿರಿ: 1290, 1597, 1656. ಹೊರಗಟ್ಟಿದ ವರ್ಷ, ನಾಟಕದ ವರ್ಷ, ಮರಳಿ ಬಂದ ವರ್ಷ. ನಡುವಿನ ಇಸವಿಯ ಸುತ್ತ ಒಂದು ವೃತ್ತ ಎಳೆದು ಮಕ್ಕಳನ್ನು ಕೇಳಿ, ಈ ನಾಟಕ ಬರೆದಾಗ ಆ ದೇಶದವರು ಎಷ್ಟು ಯಹೂದಿಗಳನ್ನು ಕಂಡಿದ್ದರು ಎಂದು. ಉತ್ತರವನ್ನು ಅವರೇ ಹೇಳಲಿ.